ಹೆಣ್ಣುಮಕ್ಕಳಿಗೆ ವಸ್ತಾದರಾರು?

ನಮ್ಮ ಸೀಮೆಯಲ್ಲಿ ಜಾತ್ರೆಯೆಂದ ಮೇಲೆ ತೇರು, ಬೆಂಡು-ಬತ್ತಾಸು, ಬಳೆಗಾರರ ಸಾಲುಗಳೊಡನೆ ಕುಸ್ತಿಯ ಕಣವೂ ಇರತಕ್ಕುದೇ. ಕಣದಲ್ಲಿ ಗೆದ್ದ ಪೈಲವಾನನ ಕೈಯನ್ನು ಮೇಲೆತ್ತಿ ತೋರಿಸಿದಾಗ ನೆರೆದ ಜನರು ಮೊದಲು ಕೇಳುವ ಪ್ರಶ್ನೆ, ಇವನು ಯಾವ ಊರಿನವನೆಂಬುದು. ಅದರ ಹಿಂದೆಯೇ ಬರುವ ಪ್ರಶ್ನೆ, ಇವನ ವಸ್ತಾದರು ಯಾರೆಂಬುದು. ಗೆದ್ದವನ ಹೆಸರಿನ ಜೊತೆಗೆ ಕಲಿಸಿದವನ ಹೆಸರನ್ನೂ ಹೇಳುವ ಈ ಪದ್ಧತಿಯು ಬಹಳ ಒಳ್ಳೆಯದು. ಬೆಳಗಿನ ಜಾವದಲ್ಲಿ ತಾಲೀಮಿನ ಬಾಗಿಲು ತೆರೆದು, ಮಣ್ಣನ್ನು ಹದಮಾಡಿ, ಹುಡುಗರ ಬೈಠಕ್ಕುಗಳನ್ನು ಎಣಿಸುತ್ತ, ಬಿದ್ದವನನ್ನು ಎಬ್ಬಿಸಿ ಮತ್ತೆ ಕಣಕ್ಕೆ ನೂಕಿದವನು ಆತನೇ ಅಲ್ಲವೆ? ಪೈಲವಾನರು ಬರುತ್ತಾರೆ, ಹೋಗುತ್ತಾರೆ. ವಸ್ತಾದನು ಇದ್ದಲ್ಲಿಯೇ ಇರುತ್ತಾನೆ. ತಾಲೀಮಿಗೆ ಹೆಸರು ಬರುವುದು ಆತನು ಹಾಗೆ ಇದ್ದಲ್ಲಿಯೇ ಇರುವುದರಿಂದ.

ಈ ವಸ್ತಾದ ಎಂಬ ಮಾತಿಗೆ ನಮ್ಮ ಆಡುಮಾತಿನಲ್ಲಿ ಸ್ತ್ರೀಲಿಂಗದ ರೂಪವು ಕೇಳಿಬರುವುದಿಲ್ಲ. ಗಂಡುಮಕ್ಕಳ ಮೈಗೆ ಕಸುವು ಬರಬೇಕೆಂದು ಊರಿಗೊಂದು ತಾಲೀಮು ಕಟ್ಟಿದ ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಕುಂಟೆಬಿಲ್ಲೆಯನ್ನೂ ಉಯ್ಯಾಲೆಯನ್ನೂ ಬಿಟ್ಟುಕೊಟ್ಟು, ಅದನ್ನೂ ದೊಡ್ಡವಳಾಗುವ ತನಕ ಮಾತ್ರವೆಂದು ಗೆರೆ ಎಳೆದರು. ಈಗ ಕಾಲ ಬದಲಾಗಿದೆ. ಬಸವಕಲ್ಯಾಣದಲ್ಲಿಯೂ ಹುಮನಾಬಾದದಲ್ಲಿಯೂ ಹುಡುಗಿಯರು ಶಾಲೆಗೆ ಹೋಗುತ್ತಾರೆ, ಕಾಲೇಜಿಗೂ ಹೋಗುತ್ತಾರೆ. ಆದರೆ ಆಟದ ವಿಷಯದಲ್ಲಿ ಹಳೆಯ ಗೆರೆಯು ಪೂರ್ತಿಯಾಗಿ ಅಳಿಸಿ ಹೋಗಿಲ್ಲ. ಆ ಗೆರೆಯನ್ನು ದಾಟಿಸತಕ್ಕವರು ಯಾರು, ದಾಟಿಸಿದರೆ ಏನಾಗುತ್ತದೆ ಎಂಬುದನ್ನು ಈ ತಿಂಗಳು ನಾವು ನಮ್ಮ ಸೋದರಿಯರೊಡನೆ ವಿಚಾರಿಸಬೇಕೆಂದಿದ್ದೇವೆ.

ಮನೆಗಳಲ್ಲಿ ನಡೆಯುವುದನ್ನು ಎಲ್ಲರೂ ಬಲ್ಲರು. ಐದನೆಯ ತರಗತಿಯ ಹುಡುಗಿಯು ಖೋ-ಖೋ ಆಡಿ ಮೊಣಕಾಲು ತರಚಿಕೊಂಡು ಬಂದರೆ ತಾಯಿಯು ಅರಿಸಿನ ಹಚ್ಚಿ ಸುಮ್ಮನಾಗುತ್ತಾಳೆ. ಅದೇ ಹುಡುಗಿ ಹತ್ತನೆಯ ತರಗತಿಗೆ ಬಂದಾಗ ಮಾತು ಬೇರೆಯಾಗುತ್ತದೆ. “ಇನ್ನೆಂಥ ಆಟವ್ವಾ, ಮೈ ಬೆಳೆದದ” ಎಂದು ಅಜ್ಜಿ ಎನ್ನುತ್ತಾಳೆ. ಬಿಸಿಲಿಗೆ ಬಣ್ಣ ಕೆಡುತ್ತದೆಂದು ಅತ್ತೆಮ್ಮ, ಓದು ಹಾಳಾಗುತ್ತದೆಂದು ತಂದೆ, ಸಂಜೆ ರೊಟ್ಟಿ ಬಡಿಯುವವರು ಯಾರೆಂದು ತಾಯಿ. ಇವರಲ್ಲಿ ಒಬ್ಬರೂ ಕೆಟ್ಟ ಮನಸ್ಸಿನಿಂದ ಹೇಳುವವರಲ್ಲ. ಆದರೂ ಈ ನಾಲ್ಕು ಮಾತುಗಳು ಸೇರಿದಲ್ಲಿ ಹುಡುಗಿಯ ಆಟ ಅಲ್ಲಿಗೆ ಮುಗಿಯುತ್ತದೆ. ಯಾರೂ ಬೇಡವೆಂದು ಕಟ್ಟುನಿಟ್ಟಾಗಿ ಹೇಳಿದ್ದಿಲ್ಲ; ಬೇಕೆಂದು ಹೇಳುವವರೂ ಇದ್ದಿಲ್ಲ. ತಾಲೀಮಿನ ಹುಡುಗನಿಗಾದರೋ ಹಾಗೆ ಬೇಕೆಂದು ಹೇಳಲು ವಸ್ತಾದನೊಬ್ಬನಿದ್ದನು. ಹುಡುಗ ಎರಡು ದಿನ ಬಾರದೆ ಹೋದರೆ ಅವನ ಮನೆಯ ಬಾಗಿಲಿಗೆ ಬಂದು ಕೂಗುತ್ತಿದ್ದನು. ಹುಡುಗಿಯ ಮನೆಯ ಬಾಗಿಲಿಗೆ ಬಂದು ಕೂಗತಕ್ಕವರಾರು?

ಇದಕ್ಕೆ ಉತ್ತರವನ್ನು ಹುಡುಕುತ್ತ ನಾವು ದೂರದ ಅಮೇರಿಕಾ ದೇಶದ ಒಬ್ಬ ಮಹಿಳೆಯ ವೃತ್ತಾಂತವನ್ನು ಓದುಗರ ಮುಂದಿಡುತ್ತೇವೆ. ಅಷ್ಟು ದೂರ ಹೋಗಲು ಕಾರಣವುಂಟು. ಅಲ್ಲಿಯ ಕಾಲೇಜುಗಳಲ್ಲಿ ಹುಡುಗಿಯರ ತಂಡಕ್ಕೆ ಸಂಬಳದ ಮುಖ್ಯ ತರಬೇತುದಾರರನ್ನು ನೇಮಿಸಿ, ಒಂದೊಂದು ವರ್ಷದ ಗೆಲುವು ಸೋಲುಗಳನ್ನೂ ಕಿರಾಣಿ ಅಂಗಡಿಯ ಖಾತೆಯಂತೆ ಬರೆದಿಟ್ಟಿದ್ದಾರೆ. ಆದಕಾರಣ ಒಬ್ಬ ಗುರುವು ಒಂದೇ ಕಡೆ ನಿಂತರೆ ಏನು ಫಲ ಬರುತ್ತದೆಂಬುದನ್ನು ಅಲ್ಲಿ ಲೆಕ್ಕ ಹಾಕಿ ನೋಡಬಹುದು. ಮಹಿಳೆಯ ಹೆಸರು ಕ್ಯಾರೊಲ್ ಹಚಿನ್ಸ್. ಆಟದ ಹೆಸರು ಸಾಫ್ಟ್‌ಬಾಲ್.

ಮೊದಲು ಆಟದ ವಿಷಯ. ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನ ಕೋಣೆಯೊಳಗೆ. ಹೊರಗೆ ಚಳಿಗಾಲ; ಒಳಗೆ ಬೇಸರಗೊಂಡ ಯುವಕರು ಮುಷ್ಟಿಯುದ್ಧದ ಕೈಗವಸೊಂದನ್ನು ಉಂಡೆಯಾಗಿ ಕಟ್ಟಿ, ಕಸಬರಿಗೆಯ ಕೋಲಿನಿಂದ ಹೊಡೆದು ಆಡಿದರು. ಹೀಗೆ ಕಸಬರಿಗೆಯಿಂದ ಆರಂಭವಾದ ಆಟವು ಮುಂದೆ ಹೆಣ್ಣುಮಕ್ಕಳ ಪ್ರಿಯವಾದ ಆಟವಾಯಿತೆಂದರೆ ನಮ್ಮ ಸೋದರಿಯರು ನಕ್ಕಾರು. ಬಯಲಿನಲ್ಲಿ ನಾಲ್ಕು ಮೂಲೆಗಳ ಒಂದು ಚೌಕ; ಮೂಲೆಯಿಂದ ಮೂಲೆಗೆ 60 ಅಡಿ. ಒಂದೊಂದು ಕಡೆಗೆ ಒಂಬತ್ತು ಮಂದಿ. ಚೆಂಡಿನ ಸುತ್ತಳತೆ 12 ಅಂಗುಲ. ಹೆಸರಿನಲ್ಲಿ ಮೃದುವೆಂದಿದ್ದರೂ ಮುಟ್ಟಿದರೆ ಗಟ್ಟಿಯೇ. ಚೆಂಡೆಸೆಯುವವಳು 43 ಅಡಿ ದೂರದಿಂದ, ತೋಳನ್ನು ಗಾಳಿಯ ಗಿರಣಿಯಂತೆ ಒಂದು ಸುತ್ತು ತಿರುಗಿಸಿ, ಕೆಳಗಿನಿಂದ ಎಸೆಯುತ್ತಾಳೆ. ಹೊಡೆದವಳು ಮೂಲೆಯಿಂದ ಮೂಲೆಗೆ ಓಡಿ ಮನೆಗೆ ಮರಳಿದರೆ ಒಂದು ಓಟ. ಮೂವರು ಔಟಾದರೆ ಸರದಿ ಮುಗಿಯಿತು. ಏಳು ಸರದಿಗಳಿಗೆ ಆಟ ಮುಗಿಯಿತು. ನಮ್ಮ ಗಿಲ್ಲಿದಾಂಡನ್ನು ಬಲ್ಲವರಿಗೆ ಇದರ ರುಚಿ ಹತ್ತುವುದು ಕಷ್ಟವಲ್ಲ. ಭಾರತದಲ್ಲಿ 1961ರಲ್ಲಿ ಇದಕ್ಕೆ ರಾಷ್ಟ್ರೀಯ ಸಂಘವು ಸ್ಥಾಪನೆಯಾಗಿ, ನಮ್ಮ ವಿಶ್ವವಿದ್ಯಾನಿಲಯಗಳ ಹುಡುಗಿಯರೂ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳಲ್ಲಿ ಇದನ್ನು ಆಡುತ್ತಾರೆ.

ಆಟದ ಎರಡು ಸಂಗತಿಗಳು ಗೃಹಿಣಿಯರ ಗಮನಕ್ಕೆ ತಕ್ಕವು. ಹತ್ತು ಬಾರಿ ದಾಂಡು ಹಿಡಿದು ಮೂರು ಬಾರಿ ಚೆನ್ನಾಗಿ ಹೊಡೆದವಳನ್ನು ಅಲ್ಲಿ ಒಳ್ಳೆಯ ಆಟಗಾರ್ತಿಯೆಂದು ಎಣಿಸುತ್ತಾರೆ. ಎಂದರೆ ಉಳಿದ ಏಳು ಬಾರಿ ಅವಳು ಬರಿಗೈಯಲ್ಲಿ ಹಿಂದಿರುಗಿದ್ದಾಳೆ. ಎರಡನೆಯದು, ಬೇಕೆಂದೇ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ, ಆ ಅವಕಾಶದಲ್ಲಿ ತನ್ನ ಸಂಗಾತಿಯನ್ನು ಮುಂದಿನ ಮೂಲೆಗೆ ದಾಟಿಸುವ ಒಂದು ಹೊಡೆತವುಂಟು. ಅದಕ್ಕೆ ತ್ಯಾಗದ ಹೊಡೆತವೆಂದೇ ಹೆಸರು. ಸೋತರೆ ಅಳದಿರುವುದು, ಇನ್ನೊಬ್ಬಳಿಗಾಗಿ ತಾನು ಹಿಂದೆ ಸರಿಯುವುದು: ಇವನ್ನು ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಮಕ್ಕಳು ಕಲಿಯರು. ಬಯಲಿನಲ್ಲಿ ನಿಂತು ದಿನವೂ ಮಾಡಿಸತಕ್ಕವರು ಬೇಕು.

ಹಚಿನ್ಸ್ ಅವರು ಹುಟ್ಟಿದ್ದು 1957ರಲ್ಲಿ, ಅಮೇರಿಕಾದ ಉತ್ತರ ಭಾಗದ ಮಿಷಿಗನ್ ಸಂಸ್ಥಾನದ ಲ್ಯಾನ್ಸಿಂಗ್ ಎಂಬ ಊರಿನಲ್ಲಿ. ಅವರ ಬಾಲ್ಯದಲ್ಲಿ ಆ ಶ್ರೀಮಂತ ದೇಶದಲ್ಲಿಯೂ ಹುಡುಗಿಯರ ಆಟಕ್ಕೆ ಹಣವೂ ಇರಲಿಲ್ಲ, ಮಾನವೂ ಇರಲಿಲ್ಲ. 1972ರಲ್ಲಿ ಅಲ್ಲಿಯ ಸರಕಾರವು ಒಂದು ಕಾಯಿದೆಯನ್ನು ಮಾಡಿತು. ಸರಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದವೆಣಿಸಿ ಯಾರನ್ನೂ ಹೊರಗಿಡಕೂಡದೆಂಬುದು ಅದರ ತಾತ್ಪರ್ಯ. ಆಟವೆಂಬ ಶಬ್ದವೇ ಆ ಕಾಯಿದೆಯ ಮುಖ್ಯ ವಾಕ್ಯದಲ್ಲಿಲ್ಲ. ಆದರೆ ಕಾಲೇಜಿನ ಬಯಲಿನ ಬಾಗಿಲನ್ನು ಹುಡುಗಿಯರಿಗೆ ತೆರೆದದ್ದು ಅದೇ.

ಬಾಗಿಲು ತೆರೆದ ಮಾತ್ರಕ್ಕೆ ಒಳಗಿನವರು ಎದ್ದು ಮಣೆ ಹಾಕುವರೆಂದಲ್ಲ. ಹಚಿನ್ಸ್ ಅವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತ ಸಾಫ್ಟ್‌ಬಾಲನ್ನೂ ಬಾಸ್ಕೆಟ್‌ಬಾಲನ್ನೂ ಆಡಿದರು. 1976ರಲ್ಲಿ ಅವರಿದ್ದ ಸಾಫ್ಟ್‌ಬಾಲ್ ತಂಡವು ದೇಶಕ್ಕೇ ಮೊದಲನೆಯದಾಯಿತು. ಹಾಗಿದ್ದರೂ ಪರಸ್ಥಳಕ್ಕೆ ಆಡಲು ಹೋದಾಗ ಊಟದ ಭತ್ಯೆಯಲ್ಲಿಯೂ ವಸತಿಯಲ್ಲಿಯೂ ಹುಡುಗರ ತಂಡಕ್ಕೊಂದು ಅಳತೆ, ಹುಡುಗಿಯರ ತಂಡಕ್ಕೊಂದು ಅಳತೆ. 1979ರಲ್ಲಿ ಬಾಸ್ಕೆಟ್‌ಬಾಲ್ ತಂಡದ ಹುಡುಗಿಯರು ಇದನ್ನು ನ್ಯಾಯಾಲಯಕ್ಕೆ ಒಯ್ದರು. ಆ ಮೊಕದ್ದಮೆಯು ಹಚಿನ್ಸ್ ಅವರ ಹೆಸರಿನಿಂದಲೇ ದಾಖಲಾಗಿದೆ. ಅನ್ನ ಬಡಿಸುವಾಗ ಗಂಡುಮಕ್ಕಳಿಗೆ ತುಪ್ಪ, ಹೆಣ್ಣುಮಕ್ಕಳಿಗೆ ತಿಳಿಸಾರು ಎಂಬ ನ್ಯಾಯವು ನಮ್ಮ ಅಡಿಗೆಯ ಮನೆಯಲ್ಲಿ ಮಾತ್ರವೇ ಇದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಅಲ್ಲಿಯ ಹುಡುಗಿಯರು ಎಲೆಯ ಮುಂದೆ ಸುಮ್ಮನೆ ಕುಳಿತುಕೊಳ್ಳಲಿಲ್ಲ.

ವಿದ್ಯಾಭ್ಯಾಸವನ್ನು ಮುಗಿಸಿ, ಒಂದು ಚಿಕ್ಕ ಕಾಲೇಜಿನಲ್ಲಿ ಒಂದು ವರ್ಷ ತಂಡವನ್ನು ನಡೆಸಿ, ಅವರು 1983ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಸಹಾಯಕ ತರಬೇತುದಾರಳಾಗಿ ಬಂದರು. 1985ರಲ್ಲಿ ಮುಖ್ಯ ತರಬೇತುದಾರಳ ಪದವಿ ಬಂದಿತು. ಆಗ ಅವರ ವಯಸ್ಸು ಮೂವತ್ತರ ಒಳಗೆ. ಊರು ಆನ್ ಆರ್ಬರ್. ಚಳಿಗಾಲದಲ್ಲಿ ಬಯಲೆಲ್ಲ ಹಿಮ. ಸಾಫ್ಟ್‌ಬಾಲಿನ ಋತುವಾದರೋ ಫೆಬ್ರವರಿಯಲ್ಲಿಯೇ ಆರಂಭ. ಆದ್ದರಿಂದ ಹುಡುಗಿಯರು ಮಾಡಿನ ಕೆಳಗೆ ಅಭ್ಯಾಸ ಮಾಡಿ, ಮೊದಲ ಕೆಲವು ವಾರಗಳ ಪಂದ್ಯಗಳಿಗಾಗಿ ಬೆಚ್ಚಗಿರುವ ದಕ್ಷಿಣದ ಊರುಗಳಿಗೆ ಪ್ರಯಾಣ ಮಾಡಬೇಕಾಗುತ್ತಿತ್ತು. ಕ್ಯಾಲಿಫೋರ್ನಿಯಾ, ಅರಿಜೋನಾ ಮೊದಲಾದ ಕಡೆ ವರ್ಷವಿಡೀ ಬಿಸಿಲು. ಈಗಿರುವ ರಾಷ್ಟ್ರೀಯ ಚಾಂಪಿಯನ್‌ಷಿಪ್ 1982ರಲ್ಲಿ ಆರಂಭವಾದಂದಿನಿಂದ 2004ರವರೆಗೆ ಮಿಸಿಸಿಪಿ ನದಿಯ ಪೂರ್ವಕ್ಕಿರುವ ಯಾವ ಕಾಲೇಜೂ ಅದನ್ನು ಗೆದ್ದಿರಲಿಲ್ಲವೆಂದರೆ ಹವೆಯ ಪ್ರಭಾವವು ಎಷ್ಟೆಂಬುದು ತಿಳಿಯುತ್ತದೆ. ವೈಶಾಖದ ಬಿಸಿಲನ್ನು ನೆವ ಮಾಡಿಕೊಂಡು ನಾವು ಹೆಣ್ಣುಮಕ್ಕಳನ್ನು ಬಯಲಿಗೆ ಕಳಿಸದಿದ್ದರೆ, ಹಿಮವನ್ನು ನೆವ ಮಾಡಿಕೊಳ್ಳಲು ಅವರಿಗೂ ಅಷ್ಟೇ ಹಕ್ಕಿತ್ತು.

ಗೆಲುವು ಬೇಗನೆ ಬರಲಿಲ್ಲ. ತಮ್ಮ ಸುತ್ತಿನ ಕಾಲೇಜುಗಳ ಕೂಟವಾದ ಬಿಗ್ ಟೆನ್ನಿನಲ್ಲಿ ಮೊದಲ ಸ್ಥಾನ ದೊರೆತದ್ದು 1992ರಲ್ಲಿ, ಏಳು ವರ್ಷಗಳ ಮೇಲೆ. ದೇಶದ ಎಂಟು ಉತ್ತಮ ತಂಡಗಳು ಸೇರುವ ವಿಶ್ವ ಸರಣಿಯೆಂಬ ಅಂತಿಮ ಕೂಟಕ್ಕೆ ಮೊದಲು ಕಾಲಿಟ್ಟದ್ದು 1995ರಲ್ಲಿ, ಹತ್ತು ವರ್ಷಗಳ ಮೇಲೆ. ಮುಂದಿನ ವರ್ಷ ಮತ್ತೆ ಹೋದರು, ಗೆಲ್ಲದೆ ಬಂದರು. 1997ರಲ್ಲಿಯೂ ಹಾಗೆಯೇ, 1998ರಲ್ಲಿಯೂ ಹಾಗೆಯೇ. 2001, 2002, 2004ರಲ್ಲಿಯೂ ಹಾಗೆಯೇ. ಏಳು ಬಾರಿ ಅರಮನೆಯ ಹೊಸ್ತಿಲ ತನಕ ಹೋಗಿ ಏಳು ಬಾರಿಯೂ ಮರಳಿದ ಈ ಮಹಿಳೆಯನ್ನು ಬಿಡಿಸಿ ಬೇರೊಬ್ಬರನ್ನು ನೇಮಿಸೋಣವೆಂದು ವಿಶ್ವವಿದ್ಯಾನಿಲಯದವರು ಆತುರಪಡಲಿಲ್ಲ. ಬೇರೆಡೆಗೆ ಹೋಗಿ ಸುಖವಾಗಿರೋಣವೆಂದು ಅವರೂ ಹೊರಡಲಿಲ್ಲ.

ಎಂಟನೆಯ ಪ್ರಯತ್ನವು 2005ರಲ್ಲಿ. ಓಕ್ಲಹೋಮಾ ನಗರದಲ್ಲಿ ಅಂತಿಮ ಪಂದ್ಯ. ಎದುರಿಗೆ ಆ ವೇಳೆಗೆ ಅನೇಕ ಬಾರಿ ಗೆದ್ದಿದ್ದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ. ಮೂರು ಆಟಗಳಲ್ಲಿ ಎರಡನ್ನು ಗೆದ್ದವರಿಗೆ ಪದವಿ. ಮೊದಲ ಆಟದಲ್ಲಿ ಮಿಷಿಗನ್ನಿನ ಹುಡುಗಿಯರು ಒಂದು ಓಟವನ್ನೂ ಗಳಿಸಲಾರದೆ 5–0ರಿಂದ ಸೋತರು. ಎರಡನೆಯದನ್ನು 5–2ರಿಂದ ಗೆದ್ದರು. ಮೂರನೆಯದರಲ್ಲಿ ಏಳು ಸರದಿಗಳು ಮುಗಿದಾಗ ಎರಡು ಕಡೆಗೂ ಒಂದೊಂದೇ ಓಟ. ಎಂಟನೆಯ ಸರದಿಯಾಯಿತು, ಒಂಬತ್ತಾಯಿತು. ಹತ್ತನೆಯ ಸರದಿಯಲ್ಲಿ ಸಮಂತಾ ಫಿಂಡ್ಲೇ ಎಂಬ ಹುಡುಗಿಯು ಚೆಂಡನ್ನು ಬೇಲಿಯಾಚೆಗೆ ಹೊಡೆದಳು. ಮೂರು ಓಟಗಳು ಬಂದವು. ಆಟವು 4–1ರಿಂದ ಮುಗಿಯಿತು. ಹೊಡೆದವಳು ಕಾಲೇಜಿಗೆ ಬಂದು ಒಂದೇ ವರ್ಷವಾಗಿದ್ದ ಬಾಲೆ. ಅವಳನ್ನು ಅಲ್ಲಿ ನಿಲ್ಲಿಸಿದವರು ಮುಖ್ಯ ತರಬೇತುದಾರಳಾಗಿ ಇಪ್ಪತ್ತು ವರ್ಷಗಳಾಗಿದ್ದುವು. ಮಿಸಿಸಿಪಿಯ ಪೂರ್ವಕ್ಕೆ ಆ ಪದವಿಯು ಬಂದದ್ದು ಅದೇ ಮೊದಲು.

ಇಲ್ಲಿಗೆ ಕಥೆ ಮುಗಿದಿದ್ದರೆ ಕಷ್ಟಪಟ್ಟವರಿಗೆ ಸುಖವೆಂಬ ನೀತಿಯನ್ನು ಹೇಳಿ ನಾವೂ ಮುಗಿಸಬಹುದಾಗಿತ್ತು. ಆದರೆ ಹಚಿನ್ಸ್ ಅವರು ಇನ್ನೂ ಹದಿನೇಳು ವರ್ಷ ಅದೇ ಬಯಲಿನಲ್ಲಿ ದುಡಿದರು. ರಾಷ್ಟ್ರೀಯ ಪದವಿಯು ಎರಡನೆಯ ಬಾರಿ ಬರಲಿಲ್ಲ. 2015ರಲ್ಲಿ ಅಂತಿಮ ಪಂದ್ಯದ ಮೂರನೆಯ ಆಟದ ತನಕ ಹೋಗಿ ಫ್ಲಾರಿಡಾಕ್ಕೆ ಸೋತರು. 2022ರ ಆಗಸ್ಟಿನಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 1,707 ಗೆಲುವುಗಳು, 555 ಸೋಲುಗಳು. ಕಾಲೇಜು ಸಾಫ್ಟ್‌ಬಾಲಿನಲ್ಲಿ ಆ ದಿನಕ್ಕೆ ಅಷ್ಟು ಗೆಲುವುಗಳನ್ನು ಬೇರಾವ ತರಬೇತುದಾರರೂ ಕಂಡಿರಲಿಲ್ಲ. ಬಿಗ್ ಟೆನ್ ಕೂಟದಲ್ಲಿ 22 ಬಾರಿ ಮೊದಲ ಸ್ಥಾನ. ವಿಶ್ವ ಸರಣಿಗೆ 12 ಬಾರಿ ಪ್ರವೇಶ. 38 ವರ್ಷಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ವರ್ಷವು ಒಂದೂ ಇಲ್ಲ. ಲೆಕ್ಕ ಹಾಕಿದರೆ ನಾಲ್ಕು ಆಟಗಳಲ್ಲಿ ಮೂರನ್ನು ಗೆದ್ದಂತಾಯಿತು.

ಇನ್ನೊಂದು ಲೆಕ್ಕವುಂಟು, ನಮಗೆ ಮುಖ್ಯವಾದುದು ಅದು. ಅಲ್ಲಿಯ ಹುಡುಗಿಯು ಸಾಮಾನ್ಯವಾಗಿ ತಂಡದಲ್ಲಿ ಇರುವುದು ನಾಲ್ಕು ವರ್ಷ. ಕಲಿತು ಪಳಗಿ ಆಟವು ಕೈಗೆ ಹತ್ತುವಷ್ಟರಲ್ಲಿ ಪದವಿ ಪಡೆದು ಹೊರಟುಹೋಗುತ್ತಾಳೆ. ಹೀಗೆ 38 ವರ್ಷಗಳಲ್ಲಿ ಆ ತಂಡವು ಒಂಬತ್ತು ಬಾರಿಗೂ ಹೆಚ್ಚು ಪೂರ್ತಿಯಾಗಿ ಹೊಸದಾಯಿತು. ಪ್ರತಿಸಲವೂ ಹೊಸ ಮಡಕೆಯಲ್ಲಿ ಹೊಸ ಹಾಲು. ಹೆಪ್ಪು ಮಾತ್ರ ಒಂದೇ. ಮನೆಯಲ್ಲಿ ಮೊಸರು ಮಾಡುವ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಡದ ಗೆಲುವು ಆಡುವವರ ಬಲದಿಂದ ಬರುವುದು ನಿಜ. ಗೆಲ್ಲುವ ಅಭ್ಯಾಸವು ಒಂದು ತಲೆಯಿಂದ ಇನ್ನೊಂದು ತಲೆಗೆ ಇಳಿಯುವುದು, ಹೋಗದೆ ಉಳಿದ ಒಬ್ಬ ಗುರುವಿನಿಂದ. ಹಚಿನ್ಸ್ ಅವರು ಹೊರಟಾಗ ಆ ಸ್ಥಾನಕ್ಕೆ ಬಂದವರು ಬಾನಿ ಥಾಲ್. ಅವರು ಹಿಂದೆ ಹಚಿನ್ಸ್ ಅವರ ಕೈಕೆಳಗೆ ಆಡಿ, ಆಮೇಲೆ ಎರಡು ದಶಕಗಳಿಗೂ ಮೀರಿ ಅವರ ಸಹಾಯಕರಾಗಿದ್ದವರೇ. ಹೆಪ್ಪು ಇನ್ನೂ ಕೆಟ್ಟಿಲ್ಲ.

ಅಮೇರಿಕಾದ ಎಲ್ಲವೂ ಚಿನ್ನವೆಂದು ನಾವು ಹೇಳುವವರಲ್ಲ. 1972ರಲ್ಲಿ ಕಾಯಿದೆ ಬಂದಾಗ ಅಲ್ಲಿಯ ಕಾಲೇಜುಗಳ ಹುಡುಗಿಯರ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಹೆಂಗಸರೇ ತರಬೇತುದಾರರಾಗಿದ್ದರು. ಬಹುಮಂದಿಗೆ ಸಂಬಳವು ಅತ್ಯಲ್ಪ, ಇಲ್ಲವೆ ಶೂನ್ಯ. ಮುಂದೆ ಆ ಹುದ್ದೆಗಳಿಗೆ ಹಣವೂ ಗೌರವವೂ ಬಂದಂತೆಲ್ಲ ಗಂಡಸರು ಅವುಗಳಿಗೆ ಬಂದರು. 2014ರ ವೇಳೆಗೆ ಹೆಂಗಸರ ಪಾಲು ನೂರಕ್ಕೆ ನಲವತ್ತಮೂರರಷ್ಟಕ್ಕೆ ಇಳಿಯಿತು. ಬಿಟ್ಟಿ ದುಡಿಯುವಾಗ ಹೆಣ್ಣು, ಕೂಲಿ ಬಂದಾಗ ಗಂಡು: ಈ ನಡವಳಿಕೆಯನ್ನು ನಮ್ಮ ಹೊಲಮನೆಗಳಲ್ಲಿಯೂ ಕಾಣುತ್ತೇವಷ್ಟೆ. ಆದಕಾರಣ ಹುಡುಗಿಯರು ಆಡಿದರೆ ಸಾಲದು. ಆಡಿ ಕಲಿತವರಲ್ಲಿ ಕೆಲವರಾದರೂ ಆಡಿಸುವ ಸ್ಥಾನದಲ್ಲಿ ಕುಳಿತುಕೊಳ್ಳಬೇಕು. ಗಂಡಸರು ಕಲಿಸಲಾರರೆಂದು ನಮ್ಮ ಅಭಿಪ್ರಾಯವಲ್ಲ. ಒಳ್ಳೆಯ ಗುರುವಿಗೆ ಲಿಂಗವಿಲ್ಲ. ಆದರೆ ಮಗಳನ್ನು ಪರಸ್ಥಳದ ಪಂದ್ಯಕ್ಕೆ ಕಳಿಸಲು ತಾಯಿಗೆ ಧೈರ್ಯ ಬರುವುದು, ತಿಂಗಳ ದಿನಗಳ ನೋವನ್ನು ಹುಡುಗಿಯು ಸಂಕೋಚವಿಲ್ಲದೆ ಹೇಳಿಕೊಳ್ಳುವುದು, ಕಲಿಸುವವರು ಹೆಂಗಸಾದಾಗ ಹೆಚ್ಚು ಸುಲಭವೆಂಬುದನ್ನು ಎಲ್ಲರೂ ಒಪ್ಪುವರು.

ಇನ್ನು ನಮ್ಮ ನಾಡಿಗೆ ಬರೋಣ. ದೊಡ್ಡ ದೇಶ, ದೊಡ್ಡ ಹಣವಿದ್ದಲ್ಲಿ ಮಾತ್ರ ಇಂಥದು ಸಾಧ್ಯವೆನ್ನುವವರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರನ್ನು ನೆನೆಯಬೇಕು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಖೋ-ಖೋ ಆಟದ ಮೊದಲ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40ರಿಂದ ಗೆದ್ದರು. ಆ ತಂಡದಲ್ಲಿದ್ದ ಬಿ. ಚೈತ್ರ ಎಂಬ ಹುಡುಗಿಯು ಕುರುಬೂರಿನವಳು. ಖೋ-ಖೋ ಆಟಕ್ಕೆ ಬೇಕಾದುದು ಎರಡು ಕಂಬ, ಹದವಾದ ನೆಲ, ಕೂಡಿ ಆಡುವ ಹುಡುಗಿಯರು; ಸಾಫ್ಟ್‌ಬಾಲಿನಂತೆ ಕೈಗವಸು, ದಾಂಡುಗಳ ವೆಚ್ಚವಿಲ್ಲ. ರೂಢಿಯ ಖೋ-ಖೋದಲ್ಲಿಯೂ ಒಂದು ಸರದಿಗೆ ಇಳಿಯುವವರು ಒಂಬತ್ತೇ ಮಂದಿ. ಕಲ್ಯಾಣದ ತ್ರಿಪುರಾಂತ ಕೆರೆಯ ಆಸುಪಾಸಿನಲ್ಲಿಯಾಗಲಿ, ಹುಮನಾಬಾದದ ಯಾವ ಶಾಲೆಯ ಅಂಗಳದಲ್ಲಿಯಾಗಲಿ ಒಂಬತ್ತು ಹುಡುಗಿಯರು ದೊರೆಯುವುದು ಕಷ್ಟವೆ? ಕಷ್ಟವಿರುವುದು ಹತ್ತನೆಯವರನ್ನು ಹುಡುಕುವುದರಲ್ಲಿ. ಎಂದರೆ ಅವರನ್ನು ವರ್ಷಾನುವರ್ಷ ಆಡಿಸತಕ್ಕವರನ್ನು ಹುಡುಕುವುದರಲ್ಲಿ.

ಆ ಹತ್ತನೆಯವರು ಆಕಾಶದಿಂದ ಇಳಿಯರು. ನಮ್ಮ ಮನೆಗಳಿಂದಲೇ ಹೊರಡಬೇಕು. ನಮ್ಮ ಪದವಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೆಂಬ ಹುದ್ದೆಯುಂಟು. ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆಯುಂಟು. ಪದವಿಯ ಮೇಲೆ ಎರಡು ವರ್ಷದ ಬಿ.ಪಿ.ಎಡ್. ಓದಿದವಳು ಪ್ರೌಢಶಾಲೆಯ ಶಿಕ್ಷಕಿಯ ಹುದ್ದೆಗೆ ಅರ್ಜಿ ಹಾಕಬಹುದು, ಎಂ.ಪಿ.ಎಡ್. ಮಾಡಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವಳಿಗೆ ಕಾಲೇಜಿನ ಬಾಗಿಲೂ ತೆರೆಯುತ್ತದೆ. ಒಂದೇ ಆಟದಲ್ಲಿ ಪ್ರವೀಣರಾಗಬೇಕೆನ್ನುವವರಿಗೆ 1961ರಲ್ಲಿ ಪಟಿಯಾಲದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಅಷ್ಟೇ ಅಲ್ಲದೆ ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಬೀದರ ಜಿಲ್ಲೆಯೂ ಸೇರಿದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಸ್ಥಳೀಯರೆಂಬ ಮೀಸಲಾತಿಯಿದೆ. ಮಗಳು ಟೀಚರಾಗಲಿ, ನರ್ಸಾಗಲಿ, ಬ್ಯಾಂಕಿಗೆ ಸೇರಲಿ ಎಂದು ಹರಸುವ ತಂದೆತಾಯಿಗಳು ಆಟದ ಗುರುವಾಗಲಿ ಎಂದೂ ಒಮ್ಮೆ ಹರಸಿ ನೋಡಬೇಕು. ಕಲ್ಯಾಣದ ನೆಲದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅಂಬಿಗನ ಹುಟ್ಟೂ ಕಾಯಕವೆನಿಸಿತು, ಆಯ್ದಕ್ಕಿ ಲಕ್ಕಮ್ಮನ ಅಕ್ಕಿಯ ಕಾಳೂ ಕಾಯಕವೆನಿಸಿತು. ಸೀಟಿ ಹಿಡಿದು ಬಯಲಿನಲ್ಲಿ ನಿಲ್ಲುವುದು ಮಾತ್ರ ಹೇಗೆ ಕೀಳಾದೀತು?

ಇದು ಮುಂದಿನ ಮಾತಾಯಿತು. ಇಂದು ಸಂಜೆಯೇ ಮನೆಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳಿವೆ. ಮೊದಲನೆಯದು ಊಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಮೆಯಾದ ಹುಡುಗಿ ನಾಲ್ಕು ಹೆಜ್ಜೆ ಓಡಿದರೆ ಏದುತ್ತಾಳೆ. ನಾವು ಅದನ್ನು ಸೋಮಾರಿತನವೆಂದು ಬಯ್ಯುತ್ತೇವೆ. ರೊಟ್ಟಿಯ ಜೊತೆಗೆ ಹಸಿರು ಸೊಪ್ಪಿನ ಪಲ್ಯ, ಕಾಳು, ಶೇಂಗಾ, ಮೇಲೊಂದು ಲಿಂಬೆಯ ಹೋಳು ಅವಳ ತಾಟಿನಲ್ಲಿಯೂ ತಮ್ಮನ ತಾಟಿನಷ್ಟೇ ಇರಲಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ನುಂಗಿದಳೋ ಇಲ್ಲವೋ ವಿಚಾರಿಸಬೇಕು. ಆಯಾಸವು ಹೆಚ್ಚಾಗಿದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು.

ಎರಡನೆಯದು ವೇಳೆ. ಬೆಳಗ್ಗೆ ಬಿಸಿಲೇರುವ ಮುಂಚೆ ಒಂದು ಗಂಟೆ, ಇಲ್ಲವೆ ಸಂಜೆ ಇಳಿಬಿಸಿಲಿನಲ್ಲಿ ಒಂದು ಗಂಟೆ. ಆ ಗಂಟೆಯ ಮನೆಗೆಲಸವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಲಿ; ನೀರು ತುಂಬಲು, ಕಸ ಗುಡಿಸಲು ಗಂಡುಕೈಗಳಿಗೂ ಬರುತ್ತದೆ. ಮೂರನೆಯದು ಮಾತು. ಮಗಳು ಸೋತು ಬಂದ ದಿನ “ಇದಕ್ಕೇ ಬೇಡ ಅಂದಿದ್ದೆ” ಎನ್ನಬಾರದು. ಹತ್ತರಲ್ಲಿ ಏಳು ಬಾರಿ ಸೋಲುವುದು ಒಳ್ಳೆಯ ಆಟಗಾರ್ತಿಯ ಲಕ್ಷಣವೆಂದು ಮೇಲೆ ಹೇಳಿದ್ದೇವೆ. ನಾಲ್ಕನೆಯದು, ತಾಯಂದಿರು ಶಾಲೆಯ ಪಾಲಕರ ಸಭೆಗೆ ಹೋದಾಗ ಗಣಿತದ ಅಂಕಗಳನ್ನು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಹುಡುಗಿಯರನ್ನು ಆಡಿಸುವವರು ಯಾರು, ವಾರಕ್ಕೆ ಎಷ್ಟು ದಿನ, ಮುಂದಿನ ವರ್ಷವೂ ಅವರೇ ಇರುವರೋ? ಹುದ್ದೆ ಖಾಲಿಯಿದ್ದರೆ ತುಂಬಿಸಿರೆಂದು ಹತ್ತು ಜನ ತಾಯಂದಿರು ಕೂಡಿ ಅರ್ಜಿ ಬರೆದುಕೊಟ್ಟರೆ ಅದನ್ನು ಬದಿಗೆ ಸರಿಸುವುದು ಯಾವ ಕಚೇರಿಗೂ ಸುಲಭವಲ್ಲ. ಬಂದ ಗುರುವಿನಿಂದ ಒಂದೇ ವರ್ಷದಲ್ಲಿ ಕಪ್ಪನ್ನು ನಿರೀಕ್ಷಿಸದೆ ಅವರಿಗೆ ಕಾಲವನ್ನೂ ಕೊಡಬೇಕು. ಮಿಷಿಗನ್ನಿನವರು ಮೊದಲ ಫಲಕ್ಕೆ ಏಳು ವರ್ಷ, ದೊಡ್ಡ ಫಲಕ್ಕೆ ಇಪ್ಪತ್ತು ವರ್ಷ ಕಾದರು. ಮಾವಿನ ಸಸಿ ನೆಟ್ಟು ಕಾಯುವುದನ್ನು ನಾವೂ ಬಲ್ಲೆವು.

ಎಲ್ಲ ಹುಡುಗಿಯರೂ ಪದಕ ತರಲಾರರು, ತರಬೇಕಾಗಿಯೂ ಇಲ್ಲ. ಹಚಿನ್ಸ್ ಅವರ ಕೈಕೆಳಗೆ ಆಡಿದವರಲ್ಲಿಯೂ ರಾಷ್ಟ್ರೀಯ ಪದವಿಯನ್ನು ಕಂಡವರು ಒಂದೇ ಒಂದು ವರ್ಷದ ಹುಡುಗಿಯರು. ಉಳಿದ ಮೂವತ್ತೇಳು ವರ್ಷಗಳವರು ಮನೆಗೆ ಒಯ್ದದ್ದು ಗಟ್ಟಿಯಾದ ಕಾಲು, ಅಂಜದ ಮನಸ್ಸು, ಕೂಡಿ ಬಾಳುವ ಅಭ್ಯಾಸ. ನಮ್ಮ ಹೆಣ್ಣುಮಕ್ಕಳಿಗೂ ಗಂಡನ ಮನೆಗೆ ಹೋಗುವಾಗಲಾಗಲಿ, ನೌಕರಿಗೆ ಹೋಗುವಾಗಲಾಗಲಿ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇರೆಯಿಲ್ಲ. ಕಲ್ಯಾಣದಿಂದ ಹುಮನಾಬಾದಕ್ಕೆ ಪಂದ್ಯಕ್ಕೆಂದು ಬಸ್ಸು ಹತ್ತುವ ಹುಡುಗಿಯರ ಮುಂದೆ ಅವರನ್ನು ಎಣಿಸಿಕೊಂಡು ಕೂಡಿಸುವ ಒಬ್ಬ ಅಕ್ಕನು, ಇಲ್ಲವೆ ಒಬ್ಬ ಅಣ್ಣನು, ವರ್ಷವರ್ಷವೂ ಅದೇ ಮುಖದಿಂದ ನಿಲ್ಲುವಂತಾಗಲಿ. ಆಗ ನೆರೆದವರು ಗೆದ್ದ ಹುಡುಗಿಯ ಊರನ್ನು ಕೇಳಿದ ಮೇಲೆ ಅವಳ ವಸ್ತಾದರಾರೆಂದೂ ಕೇಳುವರು. ಹೇಳಲು ಅವಳಿಗೆ ಒಂದು ಹೆಸರಿರುವುದು.